ಹನ್ನೊಂದು ನಿಮಿಷ

ಪರದೆಯೊಳಗಿನ ನಾಫಿರಿ ಒಳ್ಳೆಯ ರೋಗಿ.
ಕೇಳಿದ್ದಕ್ಕೆಲ್ಲ ಉತ್ತರ, ಕೇಳದ್ದಕ್ಕೂ ಒಂದಿಷ್ಟು:
ತಲೆ ಸಿಡಿಯುತ್ತಿದೆ ಸಿಸ್ಟರ್, ಕಣ್ಣ ಮುಂದೆ ಮಿಣುಕು,
ಎಂಟು ತಿಂಗಳು, ಚೊಚ್ಚಲು,
ಪಕ್ಕೆಲುಬಿನ ಕೆಳಗೆ ನೋವು, ಬಲಕ್ಕೆ.
ಬಲಕ್ಕೆ ಎಂದು ತಾನಾಗಿಯೇ ಹೇಳುತ್ತಾಳೆ, ಪುಣ್ಯಾತ್ಗಿತ್ತಿ.
ನನ್ನ ಮೂವತ್ತೆಂಟು ಹುಡುಗಿಯರು ಸರದಿಯಲ್ಲಿ ಕೂತು
ದಿನಕ್ಕೆ ಮೂವತ್ತೆಂಟು ಸಲ ಅವಳನ್ನು ಬದುಕಿಸುತ್ತಾರೆ.

ಜೋಂಬಾ ಬೆಟ್ಟದಿಂದ ಚಿಪೆರೋನಿ ತುಂತುರು ಇಳಿಯುವ ಜೂನ್.
ಕಾಲೇಜಿಗೆ ಹನ್ನೆರಡು ಲ್ಯಾಪ್‌ಟಾಪ್, ಒಂದು ಸೋಲಾರ್ ಬ್ಯಾಟರಿ,
ನಾನು,
ಮತ್ತು ಹೆರಿಗೆಯ ಪಾಠಕ್ಕೆಂದು ಒಂದು ರಬ್ಬರ್ ಸೊಂಟ,
ಅದಕ್ಕೂ ಈಗ ಬಿರುಕು.
ಹೀಗಿರುವಾಗ ಮಾತಾಡುವ ಬುದ್ಧಿಯೊಂದು ಪೆಟ್ಟಿಗೆಯಲ್ಲಿ ಬಂದರೆ
ಬೇಡವೆನ್ನಲು ನಾನ್ಯಾರು?

ವಾರ್ಡಿಗೆ ಬಂದ ಆಬಿತಿ ಸೈದಿ ಅಂಥವಳಲ್ಲ.
ತಿಯಾಂಜಾನೆ ಹಾಸಿಗೆಯ ಕಾಲ ಬಳಿ ನಿಂತು, ಪೆನ್ನು ಹಿಡಿದು,
ಹೇಗಿದ್ದೀರಿ ಎಂದಳು.
ಇಲ್ಲಿ ಯಾರೇ ಆದರೂ ಹೇಳುವುದನ್ನೇ ಆಕೆ ಹೇಳಿದಳು:
ನ್ದಿಲಿ ಬ್ವಿನೊ, ಕಾಯ ಇನು?
ನಾನು ಚೆನ್ನಾಗಿದ್ದೇನೆ, ನೀವು?
ಹೆಣ ಇಟ್ಟ ಮನೆಯ ಬಾಗಿಲಲ್ಲೂ ನಾವು ಮೊದಲು ಹೀಗೇ ಅನ್ನುತ್ತೇವೆ.
ಆಮೇಲೆ ಕೂರಬೇಕು.
ಮೆಕ್ಕೆಜೋಳ, ಗೊಬ್ಬರದ ಬೆಲೆ, ಮಕ್ಕಳ ಶಾಲೆ, ಎಲ್ಲ ಆಗಬೇಕು.
ನೋವಿನ ಸರದಿ ಕೊನೆಗೆ,
ಅದೂ ಬೇರೆ ಯಾರದೋ ನೋವಿನಂತೆ, ಮುಖ ಅತ್ತ ತಿರುಗಿಸಿ.
ತಿಯಾಂಜಾನೆ ಮುತ್ತಿನಂಥ ಅಕ್ಷರದಲ್ಲಿ ಬರೆದಳು: ದೂರುಗಳಿಲ್ಲ.

ಮಧ್ಯಾಹ್ನ ಎರಡಕ್ಕೆ ಫಿಟ್ಸ್ ಬಂತು.
ತಾಯಿ ಉಳಿದಳು.
ಉಳಿದದ್ದು ಇಲ್ಲಿ ಬೇಡ.

ಆ ವಾರ ಮೂರು ರಾತ್ರಿ ಯಂತ್ರದ ಜೊತೆ ಕೂತೆ.
ನಾಫಿರಿಯ ಬಾಯಿಗೆ ಬೀಗ ಹಾಕಬೇಕಿತ್ತು.
ಬರೆದೆ: ಹೇಳಬೇಡ. ಚೆನ್ನಾಗಿದ್ದೇನೆ ಅನ್ನು.
ಎರಡನೇ ಸಲ ಕೇಳಿದರೂ ಚೆನ್ನಾಗಿದ್ದೇನೆ ಅನ್ನು.
ಅತ್ತೆ ಹೊರಗೆ ಕೂತಿದ್ದಾಳೆ, ನೆನಪಿರಲಿ.
ಯಾರ ಸೈಕಲ್ಲಿನ ಮೇಲೆ ಬಂದೆ ಎಂದು ಕೇಳಿದವಳಿಗೆ ಮಾತ್ರ
ದಾರಿಯಲ್ಲಿ ಕಣ್ಣು ಕತ್ತಲಿಟ್ಟಿದ್ದನ್ನು ಹೇಳು.
ಒಪ್ಪಿತು. ತುಂಬ ವಿನಯದ ಯಂತ್ರ.
ಆದರೆ ವಿದ್ಯಾರ್ಥಿನಿ ಕೂತಳೋ ನಿಂತಳೋ
ನನಗೆ ಕಾಣುವುದಿಲ್ಲವಲ್ಲ, ಎಂದಿತು.
ಹೌದಲ್ಲ, ಎಂದೆ.
ಮುಚ್ಚಳ ಮುಚ್ಚಿ, ನಾನೇ ಎಷ್ಟು ಹಾಸಿಗೆಗಳ ಬಳಿ
ನಿಂತೇ ಇದ್ದೆ ಎಂದು ಎಣಿಸತೊಡಗಿದೆ.
ನೂರರ ನಂತರ ಬಿಟ್ಟೆ.

ಈಗ ಹುಡುಗಿಯರ ಗೊಣಗಾಟ: ನಾಫಿರಿ ಕೆಟ್ಟುಹೋಗಿದ್ದಾಳೆ ಮೇಡಂ,
ರಿಪೇರಿ ಮಾಡಿಸಿ.
ಮೂವತ್ತೆಂಟರಲ್ಲಿ ಮೂವತ್ತೊಂದು ಸಲ ಸಾಯುತ್ತಾಳೆ,
ಚೆನ್ನಾಗಿದ್ದೇನೆ ಎನ್ನುತ್ತಲೇ.

ನಿನ್ನೆ ರಾತ್ರಿಯ ದಾಖಲೆ ಬೆಳಿಗ್ಗೆ ಓದಿದೆ.
ತಿಯಾಂಜಾನೆ, ಒಬ್ಬಳೇ, ಒಂಬತ್ತು ನಲವತ್ತಕ್ಕೆ:
ಹೇಗಿದ್ದೀರಿ?
ಚೆನ್ನಾಗಿದ್ದೇನೆ. ನೀವು?
ಅಲ್ಲಿಂದ ಹನ್ನೊಂದು ನಿಮಿಷ ಏನೂ ಇಲ್ಲ.
ಒಂಬತ್ತು ಐವತ್ತೊಂದಕ್ಕೆ:
ಈಚೆಗೆ ನಿಮ್ಮ ಚಪ್ಪಲಿ ಬಿಗಿಯಾಗುತ್ತಿವೆಯೇ?

ಯಂತ್ರ ಎರಡು ಅಂಕ ಕಳೆದಿದೆ. ಪ್ರತಿಕ್ರಿಯೆ ತಡ.
ಕರೆಂಟು ಹೋಗಿತ್ತೇನೋ ಎಂದು
ವಾಚ್‌ಮನ್ ಮ್ಪೊಂಡಾನನ್ನು ಕೇಳಿದೆ.
ಇಲ್ಲ ಮೇಡಂ, ನಿನ್ನೆ ರಾತ್ರಿಯಿಡೀ ಇತ್ತು, ಅಪರೂಪಕ್ಕೆ.

ಎರಡು ಅಂಕ ವಾಪಸು ಹಾಕಿದೆ.
ಕಾರಣ ಕೇಳುವ ಚೌಕವನ್ನು ಖಾಲಿ ಬಿಟ್ಟೆ,
ಅದು ಒಪ್ಪಲಿಲ್ಲ.
ಕೂತಿದ್ದಳು, ಎಂದು ಬರೆದೆ.