ಎರಡು ಬೆರಳು

ಆಸ್ಪತ್ರೆಗೆ ಹೊರಟ ನಾದಿನಿ ವರ್ವಾರಾ
ಕೀಲಿಕೈ ಕೊಡಲಿಲ್ಲ, ಗಾಜಿನ ಮನೆಗೆ ಬೀಗವೇ ಇಲ್ಲ.
ಕೊಟ್ಟದ್ದು ಒಂದು ನೋಟ್‌ಬುಕ್ಕು,
ಮಸಿ, ಮಣ್ಣು, ಮೀನೆಣ್ಣೆ ಮೆತ್ತಿದ್ದು.
"ಹತ್ತೇ ದಿನ. ಸಾಯಿಸಬೇಡ," ಅಂದಳು.
ಬಸ್ಸು ಬಂತು.

ನಾನು ಅಂಚೆ ಕಚೇರಿಯವಳು.
ಗೊತ್ತಿರುವುದು ತೂಗುವುದು, ಅಂಟಿಸುವುದು, ಮುದ್ರೆ ಒತ್ತುವುದು.
ಮೊದಲ ಪುಟ ತೆರೆದೆ:
ನಾಳೆಯ ನೀರು ಇವತ್ತೇ ಪೀಪಾಯಿಗೆ.
ನದಿಯದ್ದನ್ನು ನೇರ ಹುಯ್ದರೆ ಸೌತೆಯ ಬೇರು ಬೆಚ್ಚಿಬೀಳುತ್ತದೆ.
ಮೇಲಿನ ಕಿಟಕಿ ತೆಗೆಯುವುದು
ಗಾಜಿನ ಬೆವರು ನೋಡಿ, ಗಡಿಯಾರ ನೋಡಿ ಅಲ್ಲ.
ಎಲೆಯ ಮೇಲೆ ಬೂದಿ ಕಂಡರೆ ಹಾಲು ಬೆರೆಸಿದ ನೀರು;
ಮತ್ತೂ ಕಂಡರೆ
ಫೋನು ಮಾಡಿ ಅಳಬೇಡ.

ಕಟ್ಟಿದ ಮನೆಯಲ್ಲ ಇದು, ಕೂಡಿಸಿದ್ದು.
ಲೆನಾ ನದಿಯಾಚೆಯ ಪಟ್ಟಣದಲ್ಲಿ
ನೆಲದಡಿಯ ಹಿಮ ಕರಗಿ ಐದಂತಸ್ತಿನ ವಠಾರ ವಾಲಿದಾಗ,
ಜನರನ್ನು ಇಳಿಸಿ ಗೋಡೆ ಕೆಡವುವ ಮುಂಚೆ
ಪ್ರೊಕೊಪಿಯ ಲಾರಿಯಲ್ಲಿ ಹೋಗಿ
ನಲವತ್ತೊಂದು ಕಿಟಕಿ ತಂದಿದ್ದಳು, ಒಂದು ಬಾಗಿಲು.
ಬಾಗಿಲ ಅಂಚಿನಲ್ಲಿ ಪೆನ್ಸಿಲಿನ ಗೀಟು, ಯಾರದೋ ಮಗುವಿನ ಎತ್ತರ.
ಏಳು ವರ್ಷದವರೆಗೆ ಇದೆ, ಆಮೇಲೆ ಇಲ್ಲ.
ಯಾರೂ ಅದನ್ನು ಉಜ್ಜಿಲ್ಲ.

ಈ ಬೇಸಿಗೆ ಕಾಡಿಗೆ ಬೆಂಕಿ. ಸೂರ್ಯ
ತಾಮ್ರದ ಬಿಲ್ಲೆಯಷ್ಟೇ, ಮಧ್ಯಾಹ್ನಕ್ಕೂ.
ದುಂಬಿಗಳು ಬರಲಿಲ್ಲ.
ಪುಟ ಹನ್ನೊಂದು: ಗಂಡು ಹೂವಿಗೆ ಕುಂಚ, ಅಲ್ಲಿಂದ ಹೆಣ್ಣಿಗೆ,
ಬೆಳಿಗ್ಗೆ ಒಂಬತ್ತರೊಳಗೆ.
ಮುದ್ರೆ ಒತ್ತಿದ ಹಾಗೇ ಒತ್ತಿದೆ ಮೊದಲ ದಿನ,
ಹೂವೇ ಕಳಚಿ ಬಿತ್ತು.
ಮೂರನೆಯ ದಿನಕ್ಕೆ ಕೈ ಹಗುರಾಯಿತು.
ಅಷ್ಟು ಹೊತ್ತಿಗೆ ಕಟ್ಟಿದ್ದ ಒಂದೇ ಒಂದು ಕಲ್ಲಂಗಡಿ
ವರ್ವಾರಾಳ ಹಳೆಯ ಕಾಲುಚೀಲದಲ್ಲಿ
ಸೂರಿಗೆ ನೇತುಬಿದ್ದು ದಪ್ಪವಾಗುತ್ತಿತ್ತು.
ಊರವರು ಅದನ್ನೇ ನೋಡಲು ಬರುತ್ತಿದ್ದರು,
ನನ್ನನ್ನಲ್ಲ.

ಆಗಸ್ಟ್ ಹದಿನೇಳು. ರೇಡಿಯೋ ಅಂದಿತು
ಸೊನ್ನೆಗಿಂತ ಮೂರು ಕೆಳಗೆ.
ಹಳೆಯ ಹಂಬಳಿ, ಚಾಪೆ, ಗಂಡನ ಮಿಲಿಟರಿ ಕೋಟು
ಎಲ್ಲ ಬಳ್ಳಿಗೆ ಹೊದಿಸಿ
ಡ್ರಮ್ಮಿನ ಒಲೆಗೆ ಲಾರ್ಚ್ ಸೌದೆ ಒಟ್ಟಿದೆ.
ಬೆಂಕಿಗೆ ಮೊದಲ ತುತ್ತು, ಬೆರಳಿನಷ್ಟು ಬೆಣ್ಣೆ;
ನಮ್ಮಲ್ಲಿ ಮರೆಯುವ ಹಾಗಿಲ್ಲ.
ಚಟಪಟ ಅಂದಿತು, ಒಪ್ಪಿಕೊಂಡಿತು.
ಕೆಳಗೆ ಸಗಣಿಯ ಹಾಸಿಗೆ, ಮಲಗಿದ ಹಸುವಿನ ಹಾಗೆ ಬಿಸಿಯುಸಿರು.
ಹೊರಗಡೆ ಆಲೂಗೆಡ್ಡೆಯ ಎಲೆ ಕಪ್ಪಾಗುತ್ತಿರುವುದು
ನೋಡದೆಯೂ ಗೊತ್ತಿತ್ತು.
ನಾಲ್ಕು ಗಂಟೆಗೆ ತೂಕಡಿಸಿದೆ. ಒಲೆ ತೂಕಡಿಸಲಿಲ್ಲ.

ಬೆಳಿಗ್ಗೆ ಒಂದೆಲೆಯೂ ಬಾಡಿರಲಿಲ್ಲ.
ಹೆಮ್ಮೆಯಿಂದ ಹೊರಬಂದು ಬಾಗಿಲು ಎಳೆದೆ,
ಮುಚ್ಚಲಿಲ್ಲ.
ನಿನ್ನೆ ಕೂಡುತ್ತಿದ್ದ ಅಂಚಿನ ನಡುವೆ
ಎರಡು ಬೆರಳು ಆಕಾಶ.

ಫೋನು ಮಾಡಿದೆ. ಅಳಲಿಲ್ಲ, ಹತ್ತಿರ ಹೋಗಿದ್ದೆ.
"ಎಷ್ಟು ವಾಲಿದೆ?"
"ಎರಡು ಬೆರಳು."
"ನಿನ್ನ ಬೆರಳೋ, ನನ್ನದೋ?"
ಆಸ್ಪತ್ರೆಯ ಮಂಚ ಕಿರುಗುಟ್ಟುವಷ್ಟು ನಕ್ಕಳು.
"ಬೆಚ್ಚಗಿಟ್ಟರೆ ಕೆಳಗಿನ ಹಿಮ ಕರಗುತ್ತದೆ,
ತಣ್ಣಗಿಟ್ಟರೆ ಬಳ್ಳಿ ಸಾಯುತ್ತದೆ.
ಕೊನೆಯ ಪುಟ ನೋಡಲಿಲ್ಲವೇನೇ?"

ಕೊನೆಯ ಪುಟದಲ್ಲಿ ಮಾತಿಲ್ಲ.
ಹದಿನಾಲ್ಕು ವರ್ಷ, ಎದುರಿಗೆ ಬೆರಳಿನ ಲೆಕ್ಕ:
ಒಂದು. ಅರ್ಧ. ಒಂದೂವರೆ. ಎರಡು.
ಮಗು ಮೇಲೆ ಮೇಲೆ ಬೆಳೆದ ಬಾಗಿಲು
ಇಲ್ಲಿಗೆ ಬಂದು ಇಳಿಯುತ್ತಿತ್ತು.

ಪ್ರೊಕೊಪಿ ಜಾಕ್ ತಂದ, ಬೈದುಕೊಂಡೇ ಎತ್ತಿದ.
ಹಲಗೆ ಸಿಕ್ಕಿಸಲು ಬಗ್ಗಿದವಳು ಒಮ್ಮೆ ಕತ್ತೆತ್ತಿದೆ:
ತೊಲೆ ವಾಲಿತ್ತು, ಸೂರು ವಾಲಿತ್ತು,
ಯಾರು ಯಾರದೋ ಮನೆಯ ಕಿಟಕಿಗಳೆಲ್ಲ ಒಂದೇ ಕಡೆಗೆ ವಾಲಿದ್ದವು.
ಕಾಲುಚೀಲದ ಕಲ್ಲಂಗಡಿ ಮಾತ್ರ
ಗಾರೆಯವನ ತೂಗುಗುಂಡಿನ ಹಾಗೆ
ನೆಟ್ಟಗೆ, ನೆಲದ ನಡುವನ್ನೇ ತೋರಿಸುತ್ತ.

"ಏನು ನೋಡ್ತೀಯ, ತಳ್ಳು!" ಅಂದ ಪ್ರೊಕೊಪಿ.
ತಳ್ಳಿದೆ.
ಸಂಜೆಗೆ ಪೀಪಾಯಿ ತುಂಬಬೇಕು.