ಎರಡು ಸೆಕೆಂಡು, ಮೂರು

ಸೆರಾವೋ ಟೀಚರ್ ತಂದುಕೊಟ್ಟ ಲ್ಯಾಪ್‌ಟಾಪು
ನನ್ನ ಮೇಜಿನ ಮೇಲೆ ನಾಲ್ಕು ದಿನ ಒಮ್ಮೆಯೂ ನಿಲ್ಲಲಿಲ್ಲ.
ಓಡಿತು, ಇನ್‌ಸ್ಪೆಕ್ಟರು ಬಂದ ದಿನದ ಶಾಲೆಯ ಹಾಗೆ.
ಹಲ್ಲುನೋವು ಡಾಕ್ಟರ ಬಾಗಿಲಲ್ಲಿ ಮಾಯವಾಗುತ್ತದಲ್ಲ,
ದುರ್ಗಿಗುಡಿಯ ಈ ಹದಿನೇಳು ಮೆಟ್ಟಿಲು ಹತ್ತುವಷ್ಟರಲ್ಲೇ
ವಾಸಿಯಾದ ರೋಗಗಳಿಗೆಲ್ಲ ಬಿಲ್ಲು ಮಾಡಿದ್ದರೆ
ನಾನು ಇಷ್ಟರಲ್ಲಿ ಕಟ್ಟಡವನ್ನೇ ಕೊಂಡಿರುತ್ತಿದ್ದೆ.

"ಸುಮ್ಮನೆ ನಿಂತುಬಿಡತ್ತೆ ಮಾರಾಯ," ಎಂದಿದ್ದರು ಟೀಚರ್,
"ಎರಡು ಸೆಕೆಂಡು, ಮೂರು. ಬಾಣ ಅಲ್ಲಾಡಲ್ಲ.
ಒಂಬತ್ತನೇ ಕ್ಲಾಸಿನ ಅಂಕ ತುಂಬಿಸ್ತಿರ್ತೀನಿ,
ನಿಂತಾಗ ಕೀಲಿ ಕುಟ್ತೀನಿ, ಕುಟ್ತೀನಿ,
ಆಮೇಲೆ ಒಂದೇ ಸಲ ಸುರಿಯತ್ತೆ ನೋಡು:
ಏಳು ಏಳು ಏಳು ಏಳು ಏಳು.
ನೂರಕ್ಕೆ ಎಪ್ಪತ್ತೇಳು ಸಾವಿರ ಚಿಲ್ಲರೆ ತಗೊಂಡಿದಾಳೆ ಒಬ್ಬಳು."

ಎಂಥ ಹೊತ್ತಿನಲ್ಲಿ ನಿಲ್ಲತ್ತೆ, ಎಂದು ಕೇಳಹೊರಟೆ.
ನಿಲ್ಲು ಎನ್ನುವ ಮಾತಿನಲ್ಲೇ ನಾನು ನಿಲ್ಲುವುದು.
"ನಿನ್ನೆಯಾ?" ಎಂದರು ಅವರು. "ನಿನ್ನೆ ಸಂಜೆ ನಿಂತಿತ್ತು."
ನನಗೆ ಬೇಕಿದ್ದು ಅದಲ್ಲ.
ಆದರೂ ಬರೆದುಕೊಂಡೆ.

ನಾಲಿಗೆ ಹಲ್ಲಿಗೆ ತಾಗಬೇಕಾದ ಅಕ್ಷರ ನನಗಾಗದು.
ತ ಥ ದ ಧ ನ.
ಅಪ್ಪ ಹರಕೆ ಹೊತ್ತು ಇಟ್ಟ ಹೆಸರು ತಿಪ್ಪೇಶಿ.
ಊರವರು ನನ್ನ ಮಾತು ಮುಗಿಸಿಕೊಡುತ್ತಾರೆ, ಪಾಪ, ಒಳ್ಳೆಯವರು.
ರೇಟು ಹೇಳುವಾಗ ಮಾತ್ರ
ನೂರು ರೂಪಾಯಿ ಕಮ್ಮಿಗೆ ಮುಗಿಸುತ್ತಾರೆ.

ಬಿಚ್ಚಿದೆ.
ಫ್ಯಾನಿನ ರೆಕ್ಕೆಗೆ ಸೀಮೆಸುಣ್ಣದ ಪುಡಿ,
ಮೂಲೆಯಲ್ಲಿ ಒಂದು ಸತ್ತ ಇರುವೆ. ಅದರ ಮೇಲೆ ಹಾಕುವಂತಿಲ್ಲ ತಪ್ಪು.
ರ‍್ಯಾಮಿನ ಹಲ್ಲುಗಳನ್ನು ಪೆನ್ಸಿಲ್ಲಿನ ರಬ್ಬರಿನಲ್ಲಿ ಉಜ್ಜಿದೆ.
ವೈರಸ್ಸು ಹುಡುಕಿದೆ. ಡಿಸ್ಕನ್ನು ರಾತ್ರಿಯಿಡೀ ಪರೀಕ್ಷೆಗೆ ಕೂರಿಸಿದೆ:
ಫಸ್ಟ್ ಕ್ಲಾಸ್.
ಒಂದು ಸಲಕ್ಕೆ ಒಂದೇ ತಿರುಪು ಮುಟ್ಟು, ಅನ್ನುತ್ತಿದ್ದರು
ಭದ್ರಾವತಿಯಲ್ಲಿ ನನಗೆ ರೇಡಿಯೋ ಕಲಿಸಿದ ಗಫೂರ್ ಸಾಹೇಬರು;
ಎರಡು ಮುಟ್ಟಿದರೆ ಯಾವುದಕ್ಕೆ ಕೈ ಮುಗಿಯುತ್ತೀ?

ಐದನೇ ದಿನ ಮಧ್ಯಾಹ್ನ ಕರೆಂಟು ಹೋಯಿತು.
ಬೀದಿಗೆ ಬೀದಿಯೇ ಸುಮ್ಮನಾದಾಗ ಇದೂ ನಿಂತಿತು.
ಬಾಣ ಅಲ್ಲೇ. ಗಡಿಯಾರದ ಮುಳ್ಳು ಅಲ್ಲೇ.
ನಾನು ಕೈ ಎತ್ತಿಕೊಂಡೆ. ಕುಟ್ಟಲಿಲ್ಲ.
ಒಳಗೆ ಏನಾಗುತ್ತಿದೆಯೆಂದು ನನಗೆ ಗೊತ್ತು:
ಮಾತು ಇದೆ, ಸಿದ್ಧವಾಗಿದೆ, ಹೊರಟೇ ಬಿಟ್ಟಿದೆ,
ಹೊಸಿಲಲ್ಲಿ ಚಪ್ಪಲಿ ಸಿಗುತ್ತಿಲ್ಲ, ಅಷ್ಟೇ.
ಒಂದು.
ಎರಡು.
ಮೂರಕ್ಕೆ ಹೊರಟಿತು, ಏನೂ ಆಗದವರ ಹಾಗೆ.

ಆಮೇಲೆ ಫೋನು ಮಾಡಿ ಕೇಳಿದೆ, ಪ್ಲಗ್ಗಿಗೆ ಹಾಕಿ ಕೆಲಸ ಮಾಡ್ತೀರಾ?
ಸ್ಟಾಫ್ ರೂಮಿಗೆ ಇರುವುದು ಒಂದೇ ಪ್ಲಗ್ಗು,
ಅದು ಹಿಂದಿ ಮೇಡಂರ ಟೀ ಕೆಟ್ಲಿನ ಸ್ವತ್ತು.
ಬ್ಯಾಟರಿಯ ಮೇಲಿದ್ದಾಗ ಈ ಯಂತ್ರಕ್ಕೆ ಉಳಿತಾಯದ ಚಟ.
ಕೆಲಸವಿಲ್ಲದ ಗಳಿಗೆ ನೋಡಿ ಡಿಸ್ಕನ್ನು ಮಲಗಿಸುತ್ತದೆ,
ತಟ್ಟನೆ ಕರೆದರೆ ಅದು ಎದ್ದು, ಕಣ್ಣುಜ್ಜಿ,
ಏನು ಕೇಳಿದ್ದೆ ಅನ್ನುವಷ್ಟರಲ್ಲಿ ಇಲ್ಲಿ ಏಳರ ಮೇಲೆ ಏಳು.
ಒಂದು ಸಣ್ಣ ಚೌಕದ ಗುರುತು ತೆಗೆದೆ.
ಮಲಗಿಸಬೇಡ, ಎಂದೆ.
ನಾಲ್ಕು ದಿನ ನಾನೇ ಚಾರ್ಜರು ಚುಚ್ಚಿಟ್ಟು
ರೋಗವನ್ನು ಅಡಗಿಸಿದ್ದೆ ಎಂಬುದನ್ನು ಬಿಲ್ಲಿನಲ್ಲಿ ಬರೆಯಲಿಲ್ಲ.

ಶನಿವಾರ ಟೀಚರ್ ಬಂದರು. "ಎಷ್ಟು?"
ನಾನೂರೈವತ್ತು. ನಾ
ಕೆಳಗೆ ಸಿಟಿ ಬಸ್ಸಿನ ಹುಡುಗ ಕೂಗುತ್ತಿದ್ದ
ಗೋಪಾಳ ಗೋಪಾಳ ಗೋಪಾಳ ಗೋಪಾಳ,
ಅವನನ್ನು ಯಾರೂ ಉಗ್ಗ ಅನ್ನುವುದಿಲ್ಲ.
ಟೀಚರ್ ಪರ್ಸಿಗಾಗಿ ಚೀಲ ಕೆದಕುತ್ತಿದ್ದರು:
ಕೆಂಪು ಪೆನ್ನು, ಜಪಮಾಲೆ, ಅರ್ಧ ಪೊಟ್ಟಣ ಕೋಡುಬಳೆ.
ನನಗಾಗಿ ಕಾದದ್ದೋ, ಪರ್ಸು ಸಿಗದೇ ಇದ್ದದ್ದೋ.
ನಾನೂರೈವತ್ತು ಪೂರ್ತಿ ಬಂತು, ತನ್ನ ಕಾಲ ಮೇಲೆ.

ಮತ್ತೆ ನಿಂತರೆ ತನ್ನಿ, ಎನ್ನಬೇಕಿತ್ತು.
ಹಾದಿ ಬದಲಿಸಿ, ಹೀಗೇ ಆದರೆ ಬನ್ನಿ, ಎಂದೆ.
ಲ್ಯಾಪ್‌ಟಾಪನ್ನು ಎದೆಗೆ ಒತ್ತಿಕೊಂಡು ಇಳಿಯತೊಡಗಿದರು.
ಒಂಬತ್ತನೇ ಮೆಟ್ಟಿಲಲ್ಲಿ ಹೆಜ್ಜೆ ಸದ್ದು ನಿಂತಿತು.
ಏನಾಯ್ತು ಎಂದು ಕೂಗಬಹುದಿತ್ತು.
ತಿರುಪು ಬಟ್ಟಲ ಮೇಲೆ ಕೈಯಿಟ್ಟು ಕೂತೆ.
ಸದ್ದು ಮತ್ತೆ ಇಳಿಯಿತು.