ಕೊನೆಯ ಹದಿನಾರು ಪುಟ

ಲಗ್ಗೆರೆಯ ನಮ್ಮ ಶಾಖಾ ಗ್ರಂಥಾಲಯಕ್ಕೆ
ಸಂಜೆ ನಾಲ್ಕೂವರೆಗೆ ಬರುತ್ತಾಳೆ ಹುಲಿಗೆಮ್ಮ.
ಪೇಪರು ಹಂಚಿಕೊಂಡು ಓದುವ ಮುದುಕರ ನಡುವೆ ನುಸುಳಿ
ಮೂಲೆಯ ಬೀರು, ಕೆಳಗಿನ ಅರೆ,
ಅದೇ ಪುಸ್ತಕ.
ರಟ್ಟಿನ ಮೇಲೊಬ್ಬ ಹುಡುಗ, ಒಂದು ಬೀದಿನಾಯಿ,
ಇಬ್ಬರನ್ನೂ ಸುತ್ತಿ ಯಾರೋ ಇಟ್ಟ ಲೋಟದ ಉಂಗುರ.

ಕೊಪ್ಪಳದ ಕಡೆಯವರು. ಅಪ್ಪ ಅಮ್ಮ ಸೆಂಟ್ರಿಂಗ್ ಕೆಲಸ.
ಕಟ್ಟುತ್ತಿರುವ ಮನೆಯೇ ಮನೆ;
ಗಿಲಾವು ಒಣಗಿದ ಕೋಣೆಯಿಂದ ಒಣಗದ ಕೋಣೆಗೆ
ಒಲೆ ಹೊತ್ತು ಹೋಗುತ್ತಾರೆ.
ಶಾಲೆಯಲ್ಲಿ ಹೆಸರು ಕೂಗಿದರೆ ಸಾಕು,
ಹಿಂದಿನ ಬೆಂಚು ಗುರ್ರ್ ಎನ್ನುತ್ತದಂತೆ.
ಹಾಜರಿಗೆ ಇವಳು ಬರೀ ಕೈ ಎತ್ತುತ್ತಾಳೆ.

ನೂರಾ ಹನ್ನೆರಡನೇ ಪುಟದಲ್ಲಿ
ನಾಯಿ ರಸ್ತೆಗೆ ಕಾಲಿಡುತ್ತದೆ.
ಆಮೇಲೆ ಪುಟವಿಲ್ಲ.
ಹೊಲಿಗೆ ಬಿಟ್ಟು ಒಂದು ಫಾರಂ ಪೂರಾ ಹೋಗಿದೆ.
'ದಾಟಿತೇನ್ರೀ ಸರ?'
ಹನ್ನೊಂದು ವರ್ಷದಿಂದ ಅದಕ್ಕೆ ಮೊಹರು ಒತ್ತಿದವನು ನಾನು,
ಒಂದು ಸಲವೂ ಓದಿದವನಲ್ಲ.
'ದಾಟಿತು' ಅಂದೆ.
ನನ್ನ ಮುಖವನ್ನೇ ಒಂದು ಗಳಿಗೆ ಓದಿ
'ನಿಮಗ ಗೊತ್ತಿಲ್ರೀ' ಅಂದಳು.

ಹೊರಗೆ ಟ್ರಾನ್ಸ್‌ಫಾರ್ಮರ್ ಕೆಳಗೆ
ಚಹಾ ಚರಟದ ಬಣ್ಣದ ಒಂದು ನಾಯಿ.
ಶಾಲೆಯ ಮೊಟ್ಟೆಯ ಹಳದಿಯನ್ನು
ಲಂಗದ ಜೇಬಿನಲ್ಲಿ, ನೋಟುಬುಕ್ಕಿನ ಹಾಳೆಯಲ್ಲಿ ಸುತ್ತಿ ತರುತ್ತಾಳೆ.
'ಹೆಸರೇನೇ ಅದರದ್ದು?'
'ಹುಲಿ. ನನ್ನ ಹೆಸರಾಗಿನ ಅರ್ಧ ಕೊಟ್ಟೀನ್ರೀ.
ಉಳಿದದ್ದು ನನಗ ಸಾಕು.'

ಒಂದು ಗುರುವಾರ ಕಾರ್ಪೊರೇಷನ್ ವ್ಯಾನು, ಬಲೆ.
ಆಮೇಲೆ ಮೂರು ದಿನ
ನೂರಾ ಹನ್ನೆರಡನೇ ಪುಟ ತೆರೆದಿಟ್ಟು ಕೂತಳು,
ಫ್ಯಾನಿನ ಗಾಳಿ ಮಗುಚದಂತೆ
ಅಂಗೈ ಒತ್ತಿಕೊಂಡು.
ನಾನು ರಾಜಾಜಿನಗರಕ್ಕೆ ಫೋನು ಮಾಡಿದೆ,
ಇನ್ನೊಂದು ಪ್ರತಿ ಇತ್ತು, ಹೋಗಿ ತಂದೆ.
ಬಸ್ಸಿನ ಕಂಬ ಹಿಡಿದು ನಿಂತೇ ಓದಿದೆ ಕೊನೆಯನ್ನು.
ಸುಂಕದಕಟ್ಟೆಯವರೆಗೂ ಹೋಗಿಬಿಟ್ಟಿದ್ದೆ,
ಇಳಿಯುವುದು ಮರೆತು.

ಸೋಮವಾರ ವ್ಯಾನು ನಾಯಿಯನ್ನು ಹಿಡಿದಲ್ಲೇ ಬಿಟ್ಟು ಹೋಯಿತು.
ಎಡಗಿವಿಯ ತುದಿಯಲ್ಲಿ ಒಂದು ಕಚ್ಚು.
ಅವಳು ಬೆರಳಿನಿಂದ ಮುಟ್ಟದೆ, ಊದಿ ನೋಡಿದಳು.
'ಮೂಲಿ ಹರಿದಾರ್ರೀ ಸರ, ಪುಸ್ತಕದ್ದು ಹರೀತಾರಲ್ಲ, ಹಂಗ.'
ತಂದ ಪ್ರತಿ ಚಾಚಿದೆ.
ಕೈಯಲ್ಲಿ ತೂಗಿದಳು. ತೆರೆಯಲಿಲ್ಲ.
'ಇರಲಿ ಬಿಡ್ರೀ. ಅದು ಆ ನಾಯಿದು.'

ಬಾಗಿಲು ಹಾಕುವ ಹೊತ್ತು.
ರಿಂಗ್ ರೋಡಿನ ಅಂಚಿನಲ್ಲಿ ಇಬ್ಬರೂ ನಿಂತಿದ್ದಾರೆ,
ಲಾರಿ, ಆಟೋ, ಬೈಕು, ಮತ್ತೆ ಲಾರಿ.
ಬೀಗದ ಕೈ ನನ್ನ ಕೈಯಲ್ಲೇ ಉಳಿಯಿತು.
ಅವಳು ಒಂದು ಹೆಜ್ಜೆ ಇಟ್ಟಳು, ಹಿಂದೆ ಸರಿದಳು,
ನಾಯಿ ಅವಳ ಮೊಣಕಾಲು ನೋಡಿ ತಾನೂ ಸರಿಯಿತು.
ಆಮೇಲೆ ಯಾವಾಗ ಹೊರಟರೋ, ಕಣ್ಣು ಮುಚ್ಚಿದ್ದೆನೇನೋ,
ಆಚೆಯ ಫುಟ್‌ಪಾತಿನಿಂದ
ಅವಳ ಕೂಗು:
'ದಾಟಿತ್ರೀ ಸರ!'
ಇನ್ನೂ ಏನೋ ಹೇಳಿದಳು.
ನಡುವೆ ನೀರಿನ ಟ್ಯಾಂಕರು ಹಾದು
ಉಳಿದದ್ದು ಕೇಳಿಸಲಿಲ್ಲ.